ಆಟ ಆಡಿದರೆ ಕಂಪ್ಯೂಟರ್ ಸುಡುತ್ತದೆಯೇ?

ನಮ್ಮ ಮನೆಯಲ್ಲಿ ಇರುವುದು ಒಂದೇ ಕಂಪ್ಯೂಟರು. ಹಗಲು ಅದರಲ್ಲಿ ನಾನು ಮದುವೆ ವಿಡಿಯೋಗಳನ್ನು ಎಡಿಟ್ ಮಾಡುತ್ತೇನೆ, ರಾತ್ರಿ ಮಗ ಆಟ ಆಡುತ್ತಾನೆ. ಗ್ರಾಫಿಕ್ಸ್ ಕಾರ್ಡಿನ ಕಂತು ಇನ್ನೂ ಏಳು ತಿಂಗಳದ್ದು ಬಾಕಿ ಇದೆ. ಮೇ ತಿಂಗಳ ಮಿಯಾಪುರ ಎಂದರೆ ಹಗಲು 40 ಡಿಗ್ರಿ, ಕತ್ತಲಾದ ಮೇಲೂ ಗೋಡೆ ಮುಟ್ಟಿದರೆ ಬಿಸಿ. ಅಂಥದ್ದರಲ್ಲಿ ಅವನು ಭಾರಿ ಆಟವೊಂದನ್ನು ಹಾಕಿಕೊಂಡ. ಶುರುವಾದ ಎರಡೇ ನಿಮಿಷಕ್ಕೆ ಫ್ಯಾನುಗಳು ಹಿಟ್ಟಿನ ಗಿರಣಿಯ ಹಾಗೆ ಸದ್ದು ಮಾಡತೊಡಗಿದವು. “ಏನೂ ಆಗಂಗಿಲ್ಲ ಬಿಡಪ್ಪ” ಎಂದ. ನಾವು ಕಲಬುರಗಿಯವರು, ಬಿಸಿಲಿಗೆ ಹೆದರುವ ಜನ ಅಲ್ಲ. ಕಂತಿಗೆ ಮಾತ್ರ ಹೆದರುತ್ತೇವೆ.

ಈ ಹೆದರಿಕೆ ಬುಡವಿಲ್ಲದ್ದೇನೂ ಅಲ್ಲ. 2010ರಲ್ಲಿ ‘ಸ್ಟಾರ್‌ಕ್ರಾಫ್ಟ್ 2’ ಬಂದಾಗ ಕೆಲವರ ಯಂತ್ರಗಳು ವಿಪರೀತ ಬಿಸಿಯಾದವು. ವಿಚಿತ್ರವೆಂದರೆ, ಬಿಸಿಯಾಗುತ್ತಿದ್ದುದು ಯುದ್ಧ ನಡೆಯುವಾಗ ಅಲ್ಲ, ಸುಮ್ಮನೆ ಮೆನು ತೋರಿಸುವಾಗ. ಅಲ್ಲಿ ಚಿತ್ರಿಸುವುದು ಕಡಿಮೆ. ತಡೆಯುವವರಿಲ್ಲದ ಕಾರ್ಡು ಅದೇ ಚಿತ್ರವನ್ನು ಸೆಕೆಂಡಿಗೆ ನೂರಾರು ಸಲ ಬಿಡಿಸುತ್ತಿತ್ತು. ಫ್ರೇಮುಗಳಿಗೆ ಮಿತಿ ಹಾಕಿಕೊಳ್ಳುವ ದಾರಿಯನ್ನು ಬ್ಲಿಜರ್ಡ್ ಕಂಪನಿಯೇ ಹೇಳಿಕೊಟ್ಟಿತು.

2021ರ ಜುಲೈಯಲ್ಲಿ ಇನ್ನೂ ದೊಡ್ಡ ಗಲಾಟೆಯಾಯಿತು. ಅಮೆಜಾನಿನ ‘ನ್ಯೂ ವರ್ಲ್ಡ್’ ಆಟದ ಬೀಟಾ ಆಡುತ್ತಿದ್ದವರ ಕೆಲವು ಆರ್‌ಟಿಎಕ್ಸ್ 3090 ಕಾರ್ಡುಗಳು ಸತ್ತುಹೋದವು. ಬಿಡುಗಡೆಯ ಹೊತ್ತಿಗೆ ಆ ಕಾರ್ಡಿನ ಬೆಲೆ 1,499 ಡಾಲರ್. ಎಲ್ಲರೂ ಆಟವನ್ನೇ ಬೈದರು. ಆದರೆ ಕಾರ್ಡು ತಯಾರಿಸಿದ ಇವಿಜಿಎ ಕಂಪನಿ ಸತ್ತ ಕಾರ್ಡುಗಳ ಎಕ್ಸ್‌ರೇ ತೆಗೆದು ನೋಡಿ, ವಿದ್ಯುತ್ ಪೂರೈಸುವ ಭಾಗದ ಬೆಸುಗೆಯೇ ಸರಿಯಿರಲಿಲ್ಲ ಎಂದು ಒಪ್ಪಿಕೊಂಡಿತು. ಅಂಥವು ಸುಮಾರು ಎರಡು ಡಜನ್ ಮಾತ್ರ. ಆ ಕಾರ್ಡುಗಳನ್ನು ಅದು ಬದಲಿಸಿಕೊಟ್ಟಿತು.

ಇಂಟೆಲ್‌ನ 13 ಮತ್ತು 14ನೇ ಪೀಳಿಗೆಯ ಡೆಸ್ಕ್‌ಟಾಪ್ ಪ್ರೊಸೆಸರುಗಳದ್ದೂ ಹೀಗೆಯೇ. ಆಟಗಳು ನಡುವೆಯೇ ಕುಸಿಯುತ್ತಿದ್ದವು. ಕೊನೆಗೆ ಪ್ರೊಸೆಸರು ತಾನೇ ಅಗತ್ಯಕ್ಕಿಂತ ಹೆಚ್ಚು ವೋಲ್ಟೇಜು ಕೇಳಿ ಸವೆಯುತ್ತಿದೆ ಎಂದು ಗೊತ್ತಾಯಿತು. 2024ರಲ್ಲಿ ಕಂಪನಿ ಮೈಕ್ರೋಕೋಡ್ ತಿದ್ದಿ, ವಾರಂಟಿಯನ್ನು ಎರಡು ವರ್ಷ ಹೆಚ್ಚಿಸಿತು.

ಮೂರು ಕಡೆಯೂ ಆಟ ಮಾಡಿದ್ದು ಒಂದೇ ಕೆಲಸ: ಯಂತ್ರದಿಂದ ಪೂರ್ತಿ ದುಡಿಸಿಕೊಂಡಿತು. ತಂಪು ಸಾಲದಿದ್ದರೆ, ಬೆಸುಗೆ ಸಡಿಲವಿದ್ದರೆ, ಆಗ ಅದು ಹೊರಬಿತ್ತು. ಎತ್ತಿನ ಬಂಡಿಯ ಅಚ್ಚು ಸೀಳಿದೆಯೆಂದು ತಿಳಿಯುವುದು ಮೂಟೆ ಹೇರಿದಾಗಲೇ ತಾನೆ?

ಆರೋಗ್ಯವಾಗಿರುವ ಯಂತ್ರ ತನ್ನನ್ನು ತಾನು ಕಾಯ್ದುಕೊಳ್ಳುತ್ತದೆ. ಇವತ್ತಿನ ಬಹುತೇಕ ಪ್ರೊಸೆಸರುಗಳು 100 ಡಿಗ್ರಿಯ ಆಸುಪಾಸಿಗೆ ಬಂದರೆ ವೇಗ ತಗ್ಗಿಸುತ್ತವೆ, ಅದಕ್ಕೂ ಬಗ್ಗದಿದ್ದರೆ ಯಂತ್ರ ಆಫ್ ಆಗುತ್ತದೆ. ಫ್ಯಾನಿನ ಸದ್ದು ಅಪಾಯದ ಕೂಗಲ್ಲ, ಒಳಗೆ ಕೆಲಸ ನಡೆದಿದೆ ಎಂಬುದರ ಗುರುತು. ಆದರೆ ಫ್ಯಾನು ಒಳಗೆಳೆಯುವುದು ಕೋಣೆಯ ಗಾಳಿಯನ್ನೇ. ಕೋಣೆ 25 ಡಿಗ್ರಿಯ ಬದಲು 38 ಇದ್ದರೆ ಒಳಗಿನ ಬಿಸಿಯೂ ಹೆಚ್ಚುಕಡಿಮೆ ಅಷ್ಟೇ ಮೇಲೇರುತ್ತದೆ. ಮೇಲೆ ಕಟ್ಟಡಗಳು ಏಳುತ್ತಲೇ ಇರುವ ಈ ಊರಿನ ಧೂಳು ಬೇರೆ.

ಒಂದು ರಾತ್ರಿ ಮಗ ಉಷ್ಣತೆ ತೋರಿಸುವ ತಂತ್ರಾಂಶ ಹಾಕಿ, ಅಂಕಿಗಳನ್ನು ಹಾಳೆಯ ಮೇಲೆ ಬರೆದಿಟ್ಟ. ಆಟ ಆಡುವಾಗ ಕಾರ್ಡು 81 ಡಿಗ್ರಿ. ಮರುದಿನ ನಾನು ಎರಡು ತಾಸಿನ ಮದುವೆಯೊಂದನ್ನು ರೆಂಡರ್‌ಗೆ ಹಾಕಿದಾಗ 79. ಚಿಪ್ಪಿಗೆ ಆಟವೂ ಒಂದೇ, ಆರತಕ್ಷತೆಯೂ ಒಂದೇ. ಅವನು ಏನೂ ಹೇಳಲಿಲ್ಲ, ಹಾಳೆಯನ್ನು ಮಾನಿಟರಿನ ಪಕ್ಕ ಅಂಟಿಸಿದ.

ಬೇಡ ಎನ್ನುವುದು ನನಗೆ ಸುಲಭವಿತ್ತು. ಆದರೆ ಯಂತ್ರದ ನೆಪ ಹೇಳಿ ಆಟ ನಿಲ್ಲಿಸಿದರೆ, ಮುಂದೆ ನಿಜವಾದ ಕಾರಣ ಹೇಳಿದಾಗಲೂ ಹುಡುಗ ನಂಬುವುದಿಲ್ಲ. ನಿದ್ದೆಗೆಡಬೇಡ ಎಂದು ಹೇಳುವುದಿದ್ದರೆ ಅದನ್ನೇ ಹೇಳಬೇಕು. ಹಾಗೆಯೇ ಹೇಳಿದೆ: ಹನ್ನೊಂದಕ್ಕೆ ಆಫ್.

ಉಳಿದದ್ದನ್ನು ಅವನೇ ವಹಿಸಿಕೊಂಡ. ಫ್ರೇಮುಗಳಿಗೆ 60ರ ಮಿತಿ ಹಾಕಿದ. ಡಬ್ಬವನ್ನು ಗೋಡೆಯಿಂದ ಒಂದು ಗೇಣು ಈಚೆಗೆ ಎಳೆದ. ಮೊದಲ ಭಾನುವಾರ ಬಾಲ್ಕನಿಯಲ್ಲಿ ಅದರ ಬಾಗಿಲು ಬಿಚ್ಚಿ, ಬ್ಲೋವರಿನ ಗಾಳಿಗೆ ಫ್ಯಾನು ಗಿರಗಿರ ತಿರುಗದಂತೆ ಬೆರಳಿಂದ ಹಿಡಿದುಕೊಂಡು ಧೂಳು ಹೊಡೆದ. ಸಂಜೆ ನೋಡಿದರೆ 74.