ಗಂಜಾಮಿನ ಗದ್ದೆಯ ಬದುವಿನಲ್ಲಿ

ಶ್ರೀರಂಗಪಟ್ಟಣದ ಕೋಟೆಯನ್ನು ಹಿಂದಿಕ್ಕಿ, ದರಿಯಾ ದೌಲತ್ತಿನ ತೋಟವನ್ನು ದಾಟಿ ಪೂರ್ವಕ್ಕೆ ಸಾಗಿದರೆ ಗಂಜಾಂ ಸಿಕ್ಕುವುದು. ಸಿರಾದಿಂದ 12,000 ಕುಟುಂಬಗಳನ್ನು ಬಲವಂತದಿಂದ ಕರೆತಂದು ಟಿಪ್ಪು ಸುಲ್ತಾನನು ಕಟ್ಟಿದ ಪೇಟೆಯಿದೆಂದು ಹಳೆಯ ಗ್ಯಾಸೆಟಿಯರು ಹೇಳುತ್ತದೆ. 1799ರಲ್ಲಿ ರಾಜಧಾನಿಯ ವೈಭವ ಅಳಿಯಿತು, ಬೇಸಾಯ ಉಳಿಯಿತು. ಇಂದಿನ ಯಾತ್ರಿಕರು ನಿಮಿಷಾಂಬೆಯ ದರ್ಶನ ಮಾಡಿ, ಗುಂಬಜನ್ನು ನೋಡಿ ಹಿಂದಿರುಗುವರು. ಹಾದಿಬದಿಯ ಗದ್ದೆಯತ್ತ ಕಣ್ಣು ಹಾಯಿಸುವವರು ವಿರಳ.

ಬಂಗಾರದೊಡ್ಡಿ ನಾಲೆಯು ನದಿಯ ಕವಲನ್ನೇ ಮೇಲುಗಾಲುವೆಯಲ್ಲಿ ದಾಟಿ ಈ ದ್ವೀಪಕ್ಕೆ ನೀರು ತರುತ್ತದೆ. ನೀರು ಬಂದೊಡನೆ ಭತ್ತದ ನಾಟಿ. ಈ ಸೀಮೆಯಲ್ಲಿ ನಾಟಿಗೆ ‘ಮುಯ್ಯಾಳು’ ಎಂಬ ಪದ್ಧತಿಯಿತ್ತು: ಇಂದು ಇವರ ಗದ್ದೆಗೆ ಅವರು, ನಾಳೆ ಅವರ ಗದ್ದೆಗೆ ಇವರು. ಕೂಲಿಯ ಮಾತಿಲ್ಲ. ಹೀಗಿರುವಾಗ ಮೊಣಕಾಲುದ್ದದ ಕೆಸರಿನಲ್ಲಿ, ದಿನವಿಡೀ ಬಗ್ಗಿ, ಹಿಂದಕ್ಕೆ ಹೆಜ್ಜೆಯಿಡುತ್ತ ಸಸಿ ನೆಡುವ ಹೆಂಗಸರಿಗೆ ಹುರುಪು ಬರುವುದೆಲ್ಲಿಂದ? ಹಾಡಿನಿಂದ, ಹಾಸ್ಯದಿಂದ. ಹಿರಿಯಳೊಬ್ಬಳು ಸೊಲ್ಲೆತ್ತುವಳು, ಉಳಿದವರು ಹಿಂದೆಯೇ ಹಿಡಿಯುವರು. ಧಾಟಿಗೆ ಕೈ ಸೇರಿದರೆ ಸಾಲು ತಾನಾಗಿ ನೇರವಾಗುವುದು. ಹಿಂದುಳಿದವಳನ್ನು ಯಾರೂ ಗದರುವುದಿಲ್ಲ. ಅವಳ ಗಂಡನ ಹೆಸರನ್ನೆತ್ತಿ ಛೇಡಿಸುವರು. ಅವಳು ನಕ್ಕು, ಪಕ್ಕದವಳ ಸಮಕ್ಕೆ ಬರುವಳು. ಬುತ್ತಿ ತಡಮಾಡಿದ ಗದ್ದೆಯ ಯಜಮಾನನಿಗೂ ಬಿಡುಗಡೆಯಿಲ್ಲ! ಕಟುವಾಗಿ ಹೇಳಲಾಗದ ದೂರು ಹಾಡಿನಲ್ಲಿ ಸಲೀಸಾಗಿ ತಲುಪುವುದು.

1940ರಲ್ಲಿ ಬ್ರಿಟನ್ನಿನ ಬಿ.ಬಿ.ಸಿ. ಯುದ್ಧಕಾಲದ ಕಾರ್ಖಾನೆಗಳ ಕೆಲಸಗಾರರಿಗಾಗಿ ರೇಡಿಯೋ ಸಂಗೀತವನ್ನು ಆರಂಭಿಸಿತು. ಬೇಸರ ಕಳೆಯುವ ಉಪಾಯವೇನೋ ಸರಿ. ಆದರೆ ಅಲ್ಲಿ ಹಾಡುವುದು ಪೆಟ್ಟಿಗೆ, ಕೇಳುವುದು ಕೆಲಸಗಾರ. ಆ ಪೆಟ್ಟಿಗೆಗೆ ಹಿಂದುಳಿದವರ ಗುರುತು ಸಿಗುವುದೆಂತು?

ಇಂತಹ ಪದಗಳನ್ನು ಹುಡುಕಿ ವಿದ್ವತ್ತಿನ ಅಂಗಳಕ್ಕೆ ತಂದವರಲ್ಲಿ ಜೀ. ಶಂ. ಪರಮಶಿವಯ್ಯನವರು ಇದೇ ಜಿಲ್ಲೆಯ ನಾಗಮಂಗಲ ಸೀಮೆಯವರು. ಪುಸ್ತಕದಲ್ಲಿ ಪದಗಳು ಉಳಿದಿವೆ. ಗದ್ದೆಯಲ್ಲಿ ಮಾತ್ರ ಲೆಕ್ಕ ಬದಲಾಗಿದೆ. ಎಕರೆಗಿಷ್ಟು ಎಂದು ಗುತ್ತಿಗೆ ಹಿಡಿದ ತಂಡ ಬಿರುಸಾಗಿ ನೆಟ್ಟು ಮುಂದಿನ ಗದ್ದೆಗೆ ಓಡಬೇಕು. ಕೆಲವೆಡೆ ನಾಟಿಯ ಯಂತ್ರವೂ ಇಳಿದಿದೆ. ಬೇಗ ಮುಗಿದರೆ ಕೂಲಿಯವರಿಗೂ ಲಾಭವೇ, ಅವರನ್ನು ದೂರುವಂತಿಲ್ಲ. ಆದರೂ ಮಧ್ಯಾಹ್ನ ಕಳೆದು ಸೊಂಟ ಸೋತಾಗ ಯಾರಾದರೊಬ್ಬ ಮುದುಕಿ ಮೆಲ್ಲನೆ ಸೊಲ್ಲೆತ್ತುವುದುಂಟು. ಎಳೆಯರಿಗೆ ಪದ ಬಾರದು. ಕೊನೆಯ ಅಕ್ಷರವನ್ನಷ್ಟೇ ಹಿಡಿದು ಎಳೆಯುತ್ತಾರೆ.