ಗುಡ್ಡದ ಮೇಲೆ ಪುಂಡಿಪಲ್ಯ

ವಿಕ್ರೋಳಿಯಲ್ಲಿ ಪರಿಸರ ಎಂದರೆ ಎಲ್ಲರೂ ಪೂರ್ವಕ್ಕೆ ಕೈ ತೋರಿಸುತ್ತಾರೆ. ಹೆದ್ದಾರಿಯ ಆಚೆ ಥಾಣೆ ಖಾಡಿಯ ಕಾಂಡ್ಲಾ ಕಾಡಿದೆ, ಗೋದ್ರೆಜ್ ಸಂಸ್ಥೆ ದಶಕಗಳಿಂದ ಕಾಯ್ದುಕೊಂಡು ಬಂದಿದೆ. ಆ ಖಾಡಿಯ ಫ್ಲೆಮಿಂಗೊ ಅಭಯಾರಣ್ಯಕ್ಕೆ 2022ರಲ್ಲಿ ರಾಮ್ಸಾರ್ ಮಾನ್ಯತೆಯೂ ಸಿಕ್ಕಿತು. ನಾನು ಭಾನುವಾರ ಹೋಗುವುದು ಅದಕ್ಕೆ ವಿರುದ್ಧ ದಿಕ್ಕಿಗೆ. ಪಶ್ಚಿಮದಲ್ಲಿ ಪಾರ್ಕ್ ಸೈಟ್, ಸೂರ್ಯನಗರ ಎಂದು ಗುಡ್ಡಕ್ಕೆ ಅಂಟಿಕೊಂಡ ವಸತಿಗಳಿವೆ. ಕಡಿದಾದ ಮೆಟ್ಟಿಲು, ಅದರ ಪಕ್ಕದಲ್ಲೇ ಗಟಾರ, ಅದರ ಪಕ್ಕ ಮನೆ.

ಆಫೀಸಿನ ನಾವು ನಾಲ್ಕು ಜನ ಅಲ್ಲಿಯ ಮಕ್ಕಳಿಗೆ ಪಾಠ ಹೇಳುತ್ತೇವೆ. ಒಮ್ಮೆ ಮರದ ಬೇರು ಮಣ್ಣನ್ನು ಹಿಡಿದಿಡುತ್ತದೆ ಎನ್ನುವ ಪಾಠ ನಡೆದಿತ್ತು. ಒಬ್ಬ ಹುಡುಗ ಕೇಳಿದ: "ಹಾಗಾದರೆ ಆ ರಾತ್ರಿ ಯಾಕೆ ಬಿತ್ತು ಸರ್?" ಯಾವ ರಾತ್ರಿ ಎಂದು ಆ ಕೋಣೆಯಲ್ಲಿ ಯಾರಿಗೂ ಬಿಡಿಸಿ ಹೇಳಬೇಕಿರಲಿಲ್ಲ. 2021ರ ಜುಲೈ 18ರ ಬೆಳಗಿನ ಜಾವ, ಜಡಿಮಳೆಯಲ್ಲಿ ಸೂರ್ಯನಗರದ ಗುಡ್ಡ ಕುಸಿದು 10 ಜನ ಸತ್ತಿದ್ದರು. ಗುಡ್ಡ ಕಡಿದು ಮನೆ ಕಟ್ಟಿದ ಮೇಲೆ, ಮಣ್ಣು ನೀರು ಕುಡಿದು ಭಾರವಾದಾಗ, ಬೇರೊಂದೇ ಸಾಲದು, ನೀರಿಗೆ ಹೋಗಲು ದಾರಿ ಬೇಕು ಎಂದೆ. ಮುಂದಿನ ಮೂರು ಭಾನುವಾರ ಗಿಡದ ಮಾತೇ ಇಲ್ಲ. ಮಕ್ಕಳು ಯಾವ ಗಟಾರ ಎಲ್ಲಿ ಕಟ್ಟಿಕೊಂಡಿದೆ, ನೀರು ಯಾರ ಗೋಡೆಗೆ ಬಡಿಯುತ್ತದೆ ಎಂದು ನಕ್ಷೆ ಬರೆದರು. ನನ್ನ ಮಟ್ಟಿಗೆ ಘೋಷಣೆ ಬರೆಯಿಸುವ ಪರಿಸರ ದಿನಾಚರಣೆಗಿಂತ ಇದು ಮೇಲು.

ಕೈತೋಟ ಶುರುವಾದದ್ದು ಆಮೇಲೆ. ಕುಂಡಕ್ಕೆ ಹಣ ಕೊಟ್ಟವರಿಗೆ ಅವುಗಳನ್ನು ತಡೆಗೋಡೆಯ ಮೇಲೆ ಸಾಲಾಗಿ ಇಡುವ ಆಸೆ, ಫೋಟೊ ಚೆನ್ನಾಗಿ ಬರುತ್ತದಲ್ಲ! ಕಲಬುರಗಿ ಕಡೆಯ ಹೆಂಗಸೊಬ್ಬರು ತಡೆದರು. "ಗ್ವಾಡಿ ಮ್ಯಾಲ ವಜ್ಜಿ ಇಡಬ್ಯಾಡ್ರಿ ಅಣ್ಣಾ. ಮಳಿ ಬಂದ್ರ ಮೊದಲs ನಮಗ ನಿದ್ದಿ ಹತ್ತಂಗಿಲ್ಲ." ಅವರು ಹೇಳಿದ್ದು ಲೆಕ್ಕಕ್ಕೂ ಸರಿ. 20 ಲೀಟರಿನ ಪೇಂಟ್ ಬಕೆಟ್ಟಿಗೆ ಒದ್ದೆ ಮಣ್ಣು ತುಂಬಿದರೆ 30 ಕಿಲೊ ದಾಟುತ್ತದೆ.

ಮಣ್ಣು ಕಮ್ಮಿ ಮಾಡುವ ವಿದ್ಯೆ ಮುಂಬಯಿಗೆ ಹೊಸದಲ್ಲ. ಪೋರ್ಟ್ ಟ್ರಸ್ಟಿನ ಕ್ಯಾಂಟೀನು ನೋಡಿಕೊಳ್ಳುತ್ತಿದ್ದ ಪ್ರೀತಿ ಪಾಟೀಲ್ 2002ರಲ್ಲಿ ಅಡುಗೆಮನೆಯ ಕಸದಿಂದಲೇ ತಾರಸಿಯ ಮೇಲೆ ತೋಟ ಎಬ್ಬಿಸಿದ್ದರು. ನಾವೂ ತರಗೆಲೆ, ತರಕಾರಿ ಸಿಪ್ಪೆ, ಸಗಣಿ, ಬೆಲ್ಲದ ನೀರು ಸೇರಿಸಿ ಕೊಳೆಸಿದೆವು. ಬಕೆಟ್ಟುಗಳು ಹಗುರವಾದವು. ಅವನ್ನು ಗೋಡೆಯಿಂದ ದೂರ, ಕೆಳಗಿನ ಸಮತಟ್ಟಾದ ಜಾಗದಲ್ಲಿ ಇಟ್ಟೆವು.

ಹಣ ಕೊಟ್ಟವರೇ ಕಳಿಸಿದ್ದ ಟೊಮೆಟೊ ಸಸಿಗಳು ಏಪ್ರಿಲ್ ಬಿಸಿಲಿಗೆ ಸೊರಗಿದವು. ಕೊಡ ಹೊತ್ತು ಮೆಟ್ಟಿಲು ಹತ್ತುವವರು ಟೊಮೆಟೊಗೆ ಎಲ್ಲಿಂದ ನೀರು ಸುರಿಯಬೇಕು? ಅಕ್ಕಿ ತೊಳೆದ ನೀರಿಷ್ಟು ಸಾಕಾದದ್ದು ಆ ಅಕ್ಕ ಊರಿಂದ ಸೆರಗಿನ ತುದಿಯಲ್ಲಿ ಕಟ್ಟಿ ತಂದಿದ್ದ ಪುಂಡಿ ಬೀಜಕ್ಕೆ. ಎಲೆ ಕಿತ್ತಷ್ಟೂ ಚಿಗುರಿತು. ರೊಟ್ಟಿಯ ಜೊತೆ ನಾನೂ ತಿಂದೆ. ಮೈಸೂರಿನವನಾದ ನನಗೆ ಆ ಹುಳಿ ಮೊದಲ ತುತ್ತಿಗೆ ಹಿಡಿಸಲಿಲ್ಲ, ಎರಡನೆಯ ರೊಟ್ಟಿ ಕೇಳಿ ಹಾಕಿಸಿಕೊಂಡೆ. ಬೀಜ ಬಿತ್ತುವ ಪಾಠವನ್ನು ಈಗ ಅವರೇ ಮಾಡುತ್ತಾರೆ, ಅರ್ಧ ಕನ್ನಡ ಅರ್ಧ ಹಿಂದಿಯಲ್ಲಿ. ಅವರ ಮಗಳಿಗೆ ಅಮ್ಮ ಟೀಚರಾದದ್ದು ನಾಚಿಕೆಯೂ ಹೌದು, ಹೆಮ್ಮೆಯೂ ಹೌದು.

ಪ್ರತಿ ಮಳೆಗಾಲದ ಮುಂಚೆ ಗುಡ್ಡದ ಮನೆಗಳಿಗೆ ಖಾಲಿ ಮಾಡಿ ಎಂಬ ನೋಟಿಸು ಬರುತ್ತದೆ. ಎಲ್ಲಿಗೆ ಎಂದು ಅಕ್ಕನನ್ನು ಕೇಳುವ ಧೈರ್ಯ ನನಗಿಲ್ಲ. ಪುಂಡಿ ಬೀಜ ಮಾತ್ರ ರೇಷನ್ ಕಾರ್ಡಿನ ಚೀಲದಲ್ಲೇ ಇದೆ ಎಂದರು.

ಓದುಗರಲ್ಲಿ ವಿಕ್ರೋಳಿ, ಘಾಟ್ಕೋಪರ್, ಪೊವಾಯಿ ಕಡೆಯವರಿದ್ದರೆ ಒಂದು ಮಾತು. ನಿಮ್ಮ ಸೊಸೈಟಿಯಲ್ಲಿ ಗುಡಿಸಿದ ತರಗೆಲೆಯನ್ನು ಸುಡದೆ ಗೋಣಿಯಲ್ಲಿ ತುಂಬಿಡಿ, ಭಾನುವಾರ ನಾವೇ ಬಂದು ಒಯ್ಯುತ್ತೇವೆ. ಸಸಿ ಸದ್ಯಕ್ಕೆ ಬೇಡ.