ಕಾಗದದ ಬೆಟ್ಟ, ಗೆರಟೆಯ ಗಂಟೆ

ಶಿರಾಡಿ ಘಟ್ಟವನ್ನಿಳಿದು ಡಿಸೆಂಬರ್ ತಿಂಗಳಿನಲ್ಲಿ ಮಂಗಳೂರನ್ನು ಸೇರುವ ಪ್ರವಾಸಿಗೆ ನೋಡತಕ್ಕ ಸ್ಥಳಗಳ ಪಟ್ಟಿಯನ್ನು ಯಾರು ಬೇಕಾದರೂ ಕೊಟ್ಟಾರು. ಸಂತ ಅಲೋಶಿಯಸ್ ಕಾಲೇಜಿನ ಪ್ರಾರ್ಥನಾಮಂದಿರ, ಅದರ ಗೋಡೆಗಳ ಮೇಲೆ 1900ರ ಆಸುಪಾಸಿನಲ್ಲಿ ಇಟಲಿಯ ಅಂತೋನಿಯೊ ಮೊಸ್ಕೇನಿ ಬರೆದ ಚಿತ್ರಗಳು, ರೊಸಾರಿಯೊ ಮತ್ತು ಮಿಲಾಗ್ರಿಸ್ ಇಗರ್ಜಿಗಳು, ತಣ್ಣೀರುಬಾವಿಯ ಕಡಲತೀರ, ಇವೆಲ್ಲವೂ ನೋಡಲು ಯೋಗ್ಯವೇ. ಆದರೆ ಆ ತಿಂಗಳಿನ ಮಂಗಳೂರನ್ನು ಕಾಣಬೇಕಾದ ಹೊತ್ತು ಸಂಜೆ. ಕಾಣಬೇಕಾದ ಸ್ಥಳ ಕುಲಶೇಖರ, ಬಿಜೈ, ಬೋಂದೆಲ್ ಮೊದಲಾದ ಕಡೆಗಳ ಒಳದಾರಿಗಳು. ಕೆಂಪು ಮುರಕಲ್ಲಿನ ಪಾಗಾರದ ಆಚೆ, ಹಂಚಿನ ಮಾಡಿನ ಅಂಚಿನಲ್ಲಿ, ಕಾಗದದ ನಕ್ಷತ್ರವೊಂದು ಮೆಲ್ಲನೆ ತಿರುಗುತ್ತಿರುತ್ತದೆ. ಅಂಗಳದ ಮೂಲೆಯಲ್ಲಿ ಸೊಂಟದೆತ್ತರದ ಬೆಟ್ಟ, ಅದರ ಬುಡದಲ್ಲಿ ಗುಹೆ, ಗುಹೆಯ ಮುಂದೆ ಅಂಗೈಯಗಲದ ಹಸಿರು ಗದ್ದೆ. ಅದೇ ಗೋದಲಿ.

ಗೋದಲಿಯೆಂಬುದು ಹಟ್ಟಿಯಲ್ಲಿ ದನಗಳಿಗೆ ಮೇವು ಹಾಕುವ ತೊಟ್ಟಿಯ ಹೆಸರು. ಛತ್ರದಲ್ಲಿ ಸ್ಥಳ ದೊರೆಯದ ಕಾರಣ ತಾಯಿಯು ನವಜಾತ ಶಿಶುವನ್ನು ಅದರಲ್ಲಿ ಮಲಗಿಸಿದಳೆಂದು ಲೂಕನ ಸುವಾರ್ತೆ ಹೇಳುತ್ತದೆ. 1223ರಲ್ಲಿ ಇಟಲಿಯ ಗ್ರೆಚ್ಚೊ ಎಂಬ ಊರಿನಲ್ಲಿ ಅಸ್ಸೀಸಿಯ ಸಂತ ಫ್ರಾನ್ಸಿಸ್, ಹುಲ್ಲು ತುಂಬಿದ ಗೋದಲಿಯನ್ನೂ ನಿಜವಾದ ಎತ್ತು ಕತ್ತೆಗಳನ್ನೂ ತರಿಸಿ ಆ ರಾತ್ರಿಯನ್ನು ಜನರ ಕಣ್ಣ ಮುಂದೆ ಇಟ್ಟನು. ಬಡತನವನ್ನೇ ವ್ರತವಾಗಿ ಕೈಕೊಂಡ ಸಂತನಿಗೆ ಇದು ತಕ್ಕುದೇ ಆಗಿತ್ತು. ಇಂದು ಅದೇ ಗೋದಲಿಯು ಬಣ್ಣದ ಪೆಟ್ಟಿಗೆಯಲ್ಲಿ ಕುಳಿತು ಅಂಗಡಿಗಳಲ್ಲಿ ಮಾರಾಟವಾಗುತ್ತದೆ. ಮಿನುಗುವ ದೀಪ, ಪ್ಲಾಸ್ಟಿಕ್ಕಿನ ಮರ, ಹೊಳೆಯುವ ಗೋಲಿಗಳು, ಎಲ್ಲವೂ ಸಿದ್ಧ. ಹಬ್ಬಕ್ಕೆ ಹಣವಿಲ್ಲದ ಮನೆಯವರು ಹಟ್ಟಿಯಲ್ಲಿ ಹುಟ್ಟಿದವನ ಹಬ್ಬದಲ್ಲಿಯೇ ತಲೆತಗ್ಗಿಸಬೇಕಾದ ವಿಚಿತ್ರ ಪರಿಸ್ಥಿತಿ ಹೀಗೆ ಒದಗಿತು.

ಕುಲಶೇಖರದ ಬಳಿ ನಾನು ಉಳಿದುಕೊಂಡಿದ್ದ ಸ್ನೇಹಿತರ ನೆರೆಮನೆಯಲ್ಲಿ ಈ ಪರಿಸ್ಥಿತಿಯನ್ನು ಹತ್ತಿರದಿಂದ ಕಂಡೆ. ಮನೆಯ ಯಜಮಾನರು ಕೊಲ್ಲಿಯ ದೇಶದಲ್ಲಿದ್ದ ಕೆಲಸ ಕಳೆದುಕೊಂಡು ಆ ವರ್ಷ ಊರಿಗೆ ಮರಳಿದ್ದರು. ಗೃಹಿಣಿಯ ಹೊಲಿಗೆಯಿಂದ ಸಂಸಾರ ಸಾಗುತ್ತಿತ್ತು. ಹಿರಿಯ ಮಗಳ ಕಾಲೇಜಿನ ಶುಲ್ಕಕ್ಕೆ ಜನವರಿಯ ಗಡುವಿತ್ತು. ಹಿಂದಿನ ವರ್ಷಗಳಲ್ಲಿ ಆ ಅಂಗಳದ ಗೋದಲಿಯೇ ಕೇರಿಗೆಲ್ಲ ದೊಡ್ಡದು. ಈ ಸಲ ಕರೋಲು ಹಾಡುವವರ ಮುಂದೆ ಖಾಲಿ ಅಂಗಳವನ್ನು ತೋರಿಸುವುದಕ್ಕಿಂತ ಕಂತಿನ ಮೇಲಾದರೂ ಸಾಮಾನು ತರುವುದು ಲೇಸೆಂದು ಯಜಮಾನರ ಅಭಿಪ್ರಾಯ. ಗೃಹಿಣಿ ಒಪ್ಪಲಿಲ್ಲ. ಊರಿನವರು ಕ್ರೈಸ್ತ ಗೃಹಿಣಿಯರನ್ನು ಕರೆಯುವ ಮಾತಿನಿಂದಲೇ ನಾನು, “ಹಾಗಾದರೆ ಏನು ಮಾಡುತ್ತೀರಿ, ಬಾಯಮ್ಮ?” ಎಂದು ಕೇಳಿದೆ. “ಎರಡು ಡಬ್ಬಿ ಬಣ್ಣ ಸಾಕು ಸರ್. ಉಳಿದದ್ದು ಮನೆಯಲ್ಲಿಯೇ ಉಂಟು” ಎಂದರು.

ಮನೆಯಲ್ಲಿ ಏನು ಉಂಟೆಂಬುದು ಮರುದಿನ ತಿಳಿಯಿತು. ಮುರಿದ ಕುರ್ಚಿಯೊಂದನ್ನು ಮಗುಚಿ ಹಾಕಿ, ಅದರ ಮೇಲೆ ಬಟ್ಟೆಯಂಗಡಿಯಿಂದ ಬಂದ ದಪ್ಪ ಕಂದು ಕಾಗದವನ್ನು ಮುದ್ದೆಮಾಡಿ ಬಿಡಿಸಿ ಹೊದಿಸಿದರು. ಮೈದಾ ಅಂಟನ್ನು ತೆಳ್ಳಗೆ ಬಳಿದು ಬಿಸಿಲಿಗೆ ಒಣಗಿಸಿದಾಗ ಕಾಗದದ ಸುಕ್ಕುಗಳೆಲ್ಲ ಬಂಡೆಯ ಸೀಳುಗಳಂತೆ ಗಟ್ಟಿಯಾದವು. ಅನಂತರ ಕಪ್ಪು ಬಣ್ಣದ ಡಬ್ಬಿಯನ್ನು ಕೆಳಗಿನಿಂದ ಓರೆಯಾಗಿ ಹಿಡಿದು ಸಿಂಪಡಿಸಲು, ತಗ್ಗುಗಳಲ್ಲಿ ನೆರಳು ನಿಂತಿತು. ಮೇಲಿನಿಂದ ಬೆಳ್ಳಿಯ ಬಣ್ಣವನ್ನು ಹಗುರವಾಗಿ ಹಾಯಿಸಲು, ಏಣುಗಳು ಮಾತ್ರ ಬೆಳದಿಂಗಳು ಬಿದ್ದಂತೆ ಹೊಳೆದವು. ಎರಡು ಗಳಿಗೆಯಲ್ಲಿ ಕಾಗದವು ಬೆಟ್ಟವಾಯಿತು.

ಮಕ್ಕಳು ತಣ್ಣೀರುಬಾವಿಯ ಗಾಳಿಮರಗಳ ಕೆಳಗಿನಿಂದ ಚೀಲದ ತುಂಬ ಕಾಯಿಗಳನ್ನು ಆಯ್ದು ತಂದಿದ್ದರು. ಹೆಬ್ಬೆರಳಿನ ತುದಿಯಷ್ಟಿರುವ ಈ ಮುಳ್ಳುಕಾಯಿಗಳು ಬೆಳ್ಳಿಯ ಬಣ್ಣ ತಗುಲಿದೊಡನೆ ಅಕ್ಕಸಾಲಿಗನ ಕೆಲಸದಂತೆ ತೋರಿದವು. ಗೆರಟೆಗಳು, ಎಂದರೆ ಬಯಲುಸೀಮೆಯ ನಮ್ಮ ತೆಂಗಿನ ಕರಟಗಳು, ನುಣ್ಣಗೆ ಹೆರೆಸಿಕೊಂಡು ಬೆಳ್ಳಿಯ ಗಂಟೆಗಳಾದವು. ಗಾಳಿಮರದ ಕೊಂಬೆಯೇ ಕ್ರಿಸ್ಮಸ್ ಮರವಾಯಿತು. ಒಂದು ಕಾಯಿ, ಒಂದು ಗೆರಟೆ, ಹಳೆಯ ಗುಂಡಿ, ನೂಲಿನ ಉರುಳೆ: ಬಿಡಿಯಾಗಿ ನೋಡಿದರೆ ಇವು ಕಸ. ಒಂದೇ ಬಣ್ಣವನ್ನು ಪಡೆದು ಒಂದೇ ಕೊಂಬೆಯಲ್ಲಿ ತೂಗಿದಾಗ ಇವು ಒಂದೇ ಕುಲದವುಗಳಂತೆ ಕಂಡವು. ಮಿತವ್ಯಯದ ಅಲಂಕಾರದ ಗುಟ್ಟು ಇಲ್ಲಿಯೇ ಇದೆ. ಬಣ್ಣಗಳು ಹೆಚ್ಚಿದಷ್ಟೂ ಸಾಮಗ್ರಿಯ ಬಡತನ ಬಯಲಾಗುತ್ತದೆ. ಬಣ್ಣ ಒಂದೇ ಆದರೆ ಅದು ಮರೆಯಾಗುತ್ತದೆ.

ಈ ಬೆಳ್ಳಿಯ ಬಣ್ಣಕ್ಕೂ ಸಿಂಪಡಿಸುವ ಡಬ್ಬಿಗೂ ಹುಟ್ಟಿನಿಂದಲೇ ನಂಟು. ಅಮೆರಿಕದ ಇಲಿನಾಯ್ ಸಂಸ್ಥಾನದ ಸಿಕಮೋರ್ ಪಟ್ಟಣದಲ್ಲಿ ಬಣ್ಣದ ಉದ್ಯಮ ನಡೆಸುತ್ತಿದ್ದ ಎಡ್ವರ್ಡ್ ಸೀಮೋರ್, ತನ್ನ ಅಲ್ಯೂಮಿನಿಯಂ ಬಣ್ಣವನ್ನು ಗಿರಾಕಿಗಳಿಗೆ ತೋರಿಸಲು ಸುಲಭೋಪಾಯವನ್ನು ಅರಸುತ್ತಿದ್ದನು. ಡಬ್ಬಿಯಲ್ಲಿ ತುಂಬಿ ಸಿಂಪಡಿಸಬಾರದೇಕೆ ಎಂದು ಪತ್ನಿ ಸೂಚಿಸಿದಳಂತೆ. 1949ರಲ್ಲಿ ಹೀಗೆ ಸ್ಪ್ರೇ ಪೇಂಟು ಹುಟ್ಟಿತು. ಡಬ್ಬಿಯೊಳಗೆ ಬಣ್ಣದೊಡನೆ ಒತ್ತಡದಲ್ಲಿರುವ ಅನಿಲವು, ಮೂತಿಯನ್ನು ಒತ್ತಿದೊಡನೆ ಬಣ್ಣವನ್ನು ಹೊರಕ್ಕೆ ನೂಕಿ ತುಂತುರಾಗಿಸುತ್ತದೆ. ಅಲುಗಾಡಿಸುವಾಗ ಕಟಕಟನೆ ಸದ್ದುಮಾಡುವ ಸಣ್ಣ ಗುಂಡು, ತಳದಲ್ಲಿ ಕುಳಿತ ಬಣ್ಣವನ್ನು ಕಲಕುವುದಕ್ಕಾಗಿ ಇಟ್ಟದ್ದು.

ಮಿತವಾಗಿ ಬಳಸುವವನಿಗೆ ಕೆಲವು ನಿಯಮಗಳುಂಟು. ಡಬ್ಬಿಯನ್ನು ಒಂದು ನಿಮಿಷ ಚೆನ್ನಾಗಿ ಅಲುಗಾಡಿಸಬೇಕು. ವಸ್ತುವಿನಿಂದ ಸುಮಾರು ಒಂದು ಅಡಿ ದೂರದಲ್ಲಿ ಹಿಡಿದು, ಕೈಯನ್ನು ನಿಲ್ಲಿಸದೆ ಹಾಯಿಸಬೇಕು. ಒಮ್ಮೆಗೇ ದಪ್ಪವಾಗಿ ಬಳಿದರೆ ಬಣ್ಣ ಸೋರಿ ವ್ಯರ್ಥವಾಗುವುದು. ತೆಳುವಾಗಿ ಎರಡು ಮೂರು ಸಲ ಕೊಟ್ಟರೆ ಸ್ವಲ್ಪದರಲ್ಲಿ ಸಾಗುವುದು. ಬಾಯಮ್ಮನವರು ರಟ್ಟಿನ ಪೆಟ್ಟಿಗೆಯೊಂದನ್ನು ಮಗ್ಗುಲಾಗಿಸಿ, ಅದರೊಳಗೆ ಕಾಯಿಗಳನ್ನು ಹರಡಿ ಸಿಂಪಡಿಸುತ್ತಿದ್ದರು. ಗಾಳಿಗೆ ಬಣ್ಣ ಹಾರಿಹೋಗದು. ಕೆಲಸ ಮುಗಿದ ಮೇಲೆ ಡಬ್ಬಿಯನ್ನು ತಲೆಕೆಳಗಾಗಿ ಹಿಡಿದು ಒಮ್ಮೆ ಒತ್ತಿದರೆ ಮೂತಿ ಕಟ್ಟಿಕೊಳ್ಳುವುದಿಲ್ಲ. ಥರ್ಮೋಕೋಲಿಗೆ ಮಾತ್ರ ಇದನ್ನು ನೇರವಾಗಿ ಸಿಂಪಡಿಸಕೂಡದು. ಬಣ್ಣದಲ್ಲಿರುವ ದ್ರಾವಕವು ಅದನ್ನು ಕರಗಿಸಿಬಿಡುತ್ತದೆ. ಅನಿಲವೂ ದ್ರಾವಕವೂ ಬೆಂಕಿ ಹಿಡಿಯುವಂಥವು. ಆದ್ದರಿಂದ ಕೆಲಸ ಬಯಲಿನಲ್ಲಿ, ಮೂಗಿಗೆ ಬಟ್ಟೆ ಕಟ್ಟಿ, ಒಲೆ ಮೇಣದಬತ್ತಿಗಳಿಂದ ದೂರದಲ್ಲಿ ನಡೆಯಬೇಕು. ಖಾಲಿ ಡಬ್ಬಿಯನ್ನೂ ಬೆಂಕಿಗೆ ಎಸೆಯಬಾರದು. ಡಬ್ಬಿಗೂ ಹಣವಿಲ್ಲದವರಿಗೆ ಹಲ್ಲುಜ್ಜುವ ಹಳೆಯ ಬ್ರಷ್ಷು ಇದೆ. ಅದನ್ನು ನೀರುಬಣ್ಣದಲ್ಲಿ ಅದ್ದಿ ಬಾಚಣಿಗೆಯ ಮೇಲೆ ಉಜ್ಜಿದರೆ ಅದೇ ತುಂತುರು. ಕಿರಿಯ ಹುಡುಗ ಕಾಗದದ ಮೇಲೆ ಜರಿಗಿಡದ ಎಲೆಯನ್ನಿಟ್ಟು ಹೀಗೆ ಸಿಡಿಸಿ, ಎಲೆಯ ಬಿಳಿಯ ಅಚ್ಚು ಮೂಡಿದ ಶುಭಾಶಯಪತ್ರಗಳನ್ನು ಮಾಡಿದ್ದನು.

ನಕ್ಷತ್ರವನ್ನು ಕಟ್ಟಿದವನು ಎದುರುಮನೆಯ ತುಳು ಹುಡುಗ. ದೀಪಾವಳಿಯಲ್ಲಿ ಗೂಡುದೀಪ ಕಟ್ಟಿದ ಕೈ ಅವನದು. ಬಿದಿರನ್ನು ಸೀಳಿ ಐದೈದು ಕಡ್ಡಿಗಳ ಎರಡು ಚೌಕಟ್ಟುಗಳನ್ನು ಮಾಡಿ, ಐದು ತುದಿಗಳನ್ನೂ ಕೂಡಿಸಿ ಬಿಗಿದು, ನಡುವೆ ಐದು ಗಿಡ್ಡ ಕಡ್ಡಿಗಳನ್ನು ಅಡ್ಡಲಾಗಿ ಸಿಕ್ಕಿಸಲು ನಕ್ಷತ್ರವು ಹೊಟ್ಟೆ ತುಂಬಿ ನಿಂತಿತು. ಮೇಲೆ ಬಿಳಿಯ ಕಾಗದ, ಒಳಗೆ ಸಣ್ಣ ವಿದ್ಯುದ್ದೀಪ. ತಿಂಗಳ ಹಿಂದೆ ಒಂದು ಹಬ್ಬಕ್ಕೆ ದುಡಿದ ಬಿದಿರು ಈಗ ಇನ್ನೊಂದು ಹಬ್ಬಕ್ಕೆ ದುಡಿಯಿತು. ಕರಾವಳಿಯಲ್ಲಿ ಇದನ್ನು ಯಾರೂ ದೊಡ್ಡ ಸಂಗತಿಯೆಂದು ಹೇಳಿಕೊಳ್ಳುವುದಿಲ್ಲ.

ಯಜಮಾನರು ಈ ಎಲ್ಲ ಸಡಗರವನ್ನು ಜಗಲಿಯಿಂದಲೇ ನೋಡುತ್ತಿದ್ದರು. ಗುಹೆಯೊಳಗೆ ಹುಲ್ಲು ಹಾಸಿದಾಗ ಹುಡುಗನು ಅದಕ್ಕೂ ಬೆಳ್ಳಿ ಸಿಂಪಡಿಸಲು ಡಬ್ಬಿ ಎತ್ತಿದನು. “ಹುಲ್ಲಿಗೆ ಬೇಡ ಮಗಾ, ಅದು ಇದ್ದ ಹಾಗೆಯೇ ಇರಲಿ” ಎಂದರು ತಾಯಿ. ಆ ಮಾತು ಕೇಳಿ ಯಜಮಾನರು ಎದ್ದು ಬಂದರು. ಹಟ್ಟಿಯ ಮಾಡನ್ನು ತಾವೇ ಕೂಡಿಸಿದರು. ಮಣ್ಣಿನ ಬೊಂಬೆಗಳನ್ನು ಒರಸಿ ಸಾಲಾಗಿ ನಿಲ್ಲಿಸಿದರು. ಶಿಶುವಿನ ಜಾಗ ಮಾತ್ರ ಇಪ್ಪತ್ತನಾಲ್ಕರ ರಾತ್ರಿಗೆಂದು ಬರಿದಾಗಿ ಉಳಿಯಿತು.

ಕರೋಲಿನವರು ಬಂದ ಸಂಜೆ ನಾನೂ ಅಂಗಳದಲ್ಲಿದ್ದೆ. ಹಾಡು ಮುಗಿದ ಮೇಲೆ ಕುಸ್ವಾರಿನ ತಟ್ಟೆ ಬಂದಿತು. ಕಿಡಿಯೊ, ನೆವ್ರಿಗಳು ಕೈಯಿಂದ ಕೈಗೆ ಸಾಗಿದವು. ಗುಂಪಿನ ಒಬ್ಬ ಬಾಲಕನು ಗೋದಲಿಯ ಮುಂದೆ ಕುಕ್ಕರಿಸಿ, “ಈ ಬೆಟ್ಟ ಯಾವ ಅಂಗಡಿಯದ್ದು ಅಂಕಲ್?” ಎಂದು ಕೇಳಿದನು. ಒಂದು ಕ್ಷಣ ಯಾರೂ ಮಾತಾಡಲಿಲ್ಲ. ಯಜಮಾನರು ನಕ್ಕು, “ಅಂಗಡಿಯದ್ದಲ್ಲ, ನಮ್ಮ ಕುರ್ಚಿಯದ್ದು” ಎಂದು ಕಾಗದದ ಅಂಚನ್ನೆತ್ತಿ ಕುರ್ಚಿಯ ಕಾಲನ್ನು ತೋರಿಸಿದರು. ಹತ್ತು ದಿನಗಳ ಹಿಂದೆ ಅದನ್ನು ಮುಚ್ಚಲು ಸಾಲ ಮಾಡಹೊರಟಿದ್ದವರು ಅವರೇ.

ಜನವರಿ 6ರಂದು ಮೂವರು ಜ್ಞಾನಿಗಳ ಹಬ್ಬ ಕಳೆದ ಮೇಲೆ ಇಂಥ ಬೆಟ್ಟಗಳು ಅಟ್ಟವನ್ನು ಸೇರುತ್ತವೆ. ಗೆರಟೆಯ ಗಂಟೆಗಳು ಡಬ್ಬದಲ್ಲಿ ಮುಂದಿನ ಡಿಸೆಂಬರನ್ನು ಕಾಯುತ್ತವೆ. ಆ ಹೊತ್ತಿಗೆ ಮಂಗಳೂರಿಗೆ ಹೋಗುವ ವಾಚಕರು ದೊಡ್ಡ ಬೀದಿಯ ದೀಪಗಳನ್ನು ನೋಡಿದ ಬಳಿಕ ಯಾವುದಾದರೊಂದು ಒಳದಾರಿಗೆ ತಿರುಗಲಿ. ಪಾಗಾರದ ಆಚೆಯಿಂದ ಇಣುಕಿದರೆ, ಒಳಗೆ ಬನ್ನಿ ಎಂದು ಕರೆಯುವವರು ಅಲ್ಲಿ ಇದ್ದೇ ಇರುತ್ತಾರೆ.